ಬೇಲಿ ಇಲ್ಲದ ಓಣಿ

ಮಾಘ ಮುಗಿಯುತ್ತ ಬಂದಿತ್ತು. ಜತ್ತಿನ ಸಂಸ್ಥಾನ ವಿಲೀನವಾಗಿ ಹೋಗಿ ಎರಡನೆಯ ವರ್ಷ. ಮೂಡಲು ಇನ್ನೂ ಬೆಳ್ಳಗಾಗದ ಹೊತ್ತಿನಲ್ಲಿ ಗುರವ್ವ ಬಿಸಿನೀರಿನ ತಂಬಿಗೆ ಹಿಡಿದು ನಿಂತಾಗ ಸೊಸೆ ಹಾಲವ್ವ ಮೊದಲ ಸಲ ತಲೆ ಅಲ್ಲಾಡಿಸಿದಳು.

"ಬ್ಯಾಡ್ರಿ ಅತ್ತಿ."

ಗುರವ್ವನಿಗೆ ಸೋಜಿಗವಾಯಿತು. ಎದ್ದ ಕೂಡಲೇ ಬೆಚ್ಚನೆಯ ನೀರು, ರೊಟ್ಟಿಯನ್ನು ನುಣ್ಣಗೆ ಅಗಿದು ನುಂಗುವುದು, ಮಧ್ಯಾಹ್ನ ಜೀರಿಗೆ ಹಾಕಿದ ಮಜ್ಜಿಗೆ, ದೀಪ ಹಚ್ಚುವ ಮುಂಚೆ ಊಟ, ಹೊಟ್ಟೆ ಕರೆದಾಗ ತಡೆಯದೆ ಎದ್ದು ಹೋಗುವುದು. ಇಷ್ಟನ್ನು ಅವಳ ತಾಯಿ ಕಲಿಸಿದ್ದಳು; ಅವಳು ಮಾಡಗ್ಯಾಳದ ಈ ಮನೆಗೆ ತಂದಿದ್ದಳು. ಸೋನ್ಯಾಳದ ತವರಿನಿಂದ ಬಂದ ಹಾಲವ್ವ ದೀಪಾವಳಿಯಿಂದ ಅದನ್ನೇ ನಡೆಸಿಕೊಂಡು ಬಂದಿದ್ದಳು. ಮಗ ಶ್ರೀಶೈಲಪ್ಪ ಸೊಲ್ಲಾಪುರದ ಗಿರಣಿಯಲ್ಲಿದ್ದ. ಹುಡುಗಿಯ ಹೊಣೆಯೆಲ್ಲ ಗುರವ್ವನದೇ.

ಕೆಲವು ದಿನಕ್ಕೆ ಹಾಲವ್ವ ಮಜ್ಜಿಗೆ ಬಿಟ್ಟಳು. ರೊಟ್ಟಿ ಅರ್ಧವಾಯಿತು. ಹೊಟ್ಟೆ ಹಿಡಿದುಕೊಂಡು ಒಲೆಯ ಮುಂದೆ ಮುದುಡಿ ಕೂರತೊಡಗಿದಳು.

"ಏನಾಗೈತಿ ಹೇಳ, ಮಗಳ."

"ನೀರ ಕುಡದ್ರ ಹಗಲಿಗೆ ಎಲ್ಲಿ ಹೋಗ್ಲ್ರಿ ಅತ್ತಿ? ಬೇಲಿ ಎಲ್ಲೈತಿ?"

ಗುರವ್ವ ಹಿತ್ತಿಲ ಕಡೆ ನೋಡಿದಳು. ಓಣಿಯ ಹಿಂದಿನ ಕಳ್ಳಿಬೇಲಿಯ ಮರೆಗೇ ಹೆಂಗಸರೆಲ್ಲ ಹೋಗುತ್ತಿದ್ದರು. ಸಂಕ್ರಾಂತಿ ಮುಗಿದ ಮೇಲೆ, ಹೊಲಕ್ಕೆ ಇನ್ನೆರಡು ಸಾಲು ಸಿಗಲೆಂದು ಅದನ್ನು ಕಡಿಸಿ ಸುಟ್ಟವನು ಅವಳ ಗಂಡ ಬಸಗೊಂಡನೇ. ಈಗ ಎಲ್ಲರೂ ಕತ್ತಲಿಗಾಗಿ ಕಾಯುತ್ತಿದ್ದರು. ಗುರವ್ವನೂ ಕಾಯುತ್ತಿದ್ದಳು, ಅವಳ ಮೈ ಕಾದು ಕಾದು ಒಗ್ಗಿಹೋಗಿತ್ತು.

ಬಾವಿಯ ಬಳಿ ಅದೇ ಓಣಿಯ ಪಿಂಜಾರರ ನೂರಜಹಾನ ಕೊಡ ಇಳಿಸಿ ಅಂದಳು:

"ನಿಮ್ಮ ಗೌಡ್ರು ಹೊಲಾ ಹಿಗ್ಗಿಸ್ಯಾರ, ನಮ್ಮ ಹೊಟ್ಟಿ ಕಲ್ಲ ಮಾಡ್ಯಾರ. ಕೇಳಾಕ ಬಾಯಿ ಇಲ್ಲೇನ ಗುರವ್ವಕ್ಕ?"

ಅಂದು ಸಂಜೆ ಊಟಕ್ಕೆ ಕುಳಿತ ಗಂಡನನ್ನು ಅವಳು ಕೇಳಿದಳು.

"ಹಿಂದ ಜ್ವಾಳದ ಕಣಿಕಿ ನಿಲ್ಲಿಸಿ ಮರಿಗೆ ಒಂದ ತಡಿಕಿ ಕಟ್ರಿ. ಹುಡುಗಿ ಹೊಟ್ಟಿ ಕಟ್ಟೈತಿ."

"ಕಣಿಕಿ ದನಕ್ಕ ಬೇಕ. ಹರಳೆಣ್ಣಿ ಕುಡಸ."

"ಕುಡಸಿದ ಮ್ಯಾಲ ಎಲ್ಲಿ ಓಡ್ಬೇಕ್ರಿ, ನಿಮ್ಮ ಎರಡು ಸಾಲಿನ್ಯಾಗ?"

ಬಸಗೊಂಡ ಅಗಿಯುವುದನ್ನು ನಿಲ್ಲಿಸಿದ. "ಹೆಣ್ಮಕ್ಕಳ ಮಾತು ನನ್ನ ಮುಂದ ಬ್ಯಾಡ," ಎಂದು ಕೈ ತೊಳೆದೆದ್ದ.

ಮರುದಿನ ಗುರವ್ವ ತಾನೇ ಜೋಳದ ದಂಟು ಹೊತ್ತು ಬೇಲಿ ಇದ್ದಲ್ಲಿ ಕಟ್ಟಿದಳು. ಮಧ್ಯಾಹ್ನದೊಳಗೆ ಬಸಗೊಂಡ ಅದನ್ನು ಬಿಚ್ಚಿ ಬಣವೆಗೆ ಮರಳಿ ಒಟ್ಟಿದ. ಬಿಚ್ಚಿದ ಜಾಗದಲ್ಲಿ ಗುರವ್ವ ನಿಂತು ನೋಡಿದಳು. ಮತ್ತೆ ಹೊರುವಷ್ಟು ಕಸುವು ಸೊಂಟದಲ್ಲಿ ಇರಲಿಲ್ಲ.

ಹೋಳಿ ಬಂತು. ಆ ದಿನ ಹಾಲವ್ವ ಹೋಳಿಗೆಯ ಒಂದು ತುತ್ತು ನುಂಗಿ, ಕಟ್ಟಿದ ಹೊಟ್ಟೆ ಹಿಡಿದು ಅಲ್ಲೇ ವಾಂತಿ ಮಾಡಿಕೊಂಡಳು. ತಂಗಿಯನ್ನು ನೋಡಲು ಗಾಡಿ ಹೂಡಿಕೊಂಡು ಬಂದಿದ್ದ ಅವಳ ಅಣ್ಣ ಲಗಮಣ್ಣ ಎದ್ದು ಬಂದು ಅವಳ ತಲೆ ಹಿಡಿದ.

"ಲಗಮಣ್ಣ, ನಾಳಿ ಕರಕೊಂಡ ಹೋಗಪಾ ಇಕಿನ್ನ," ಅಂದಳು ಗುರವ್ವ. "ನಿಮ್ಮ ಮನಿ ಹಿಂದ ಇನ್ನೂ ಗಿಡಗಂಟಿ ಅದಾವಲ್ಲ."

ಕಟ್ಟೆಯ ಮೇಲಿಂದ ಬಸಗೊಂಡ ಕೂಗಿದ: "ಯಾರನ್ನ ಕೇಳಿ ಕಳಸಾಕತ್ತಿ?"

"ನಿಮ್ಮನ್ನ ಕೇಳಿ ಕೇಳಿ ಸಾಕಾತ್ರಿ."

"ಮಗಾ ಬಂದ್ರ ಏನ ಹೇಳ್ಲಿ?"

"ಇದ್ದದ್ದ ಹೇಳ್ರಿ. ನಾಚಬ್ಯಾಡ್ರಿ."

ಅವನು ಎದ್ದು ಬರಲಿಲ್ಲ, ತಡೆಯಲೂ ಇಲ್ಲ. ಗುರವ್ವ ಸೊಸೆಯ ಸೀರೆಗಳನ್ನು ಮಡಚಿ ಗಂಟು ಕಟ್ಟಿದಳು. "ನೀವು ಒಬ್ಬರ ಆಗ್ತೀರಿ ಅತ್ತಿ," ಎಂದು ಹಾಲವ್ವ ಅತ್ತಳು. ಗುರವ್ವ ಗಂಟು ಬಿಗಿಯುತ್ತಲೇ ಇದ್ದಳು.

ಹೋಳಿಯ ಮರುದಿನ, ಗುರುವಾರ, ಬಿಸಿಲು ಏರುವ ಮುಂಚೆ ಹಾಲವ್ವ ಅಣ್ಣನ ಗಾಡಿಯಲ್ಲಿ ಸೋನ್ಯಾಳಕ್ಕೆ ಹೊರಟುಹೋದಳು.