ಚಂಪಾಬಾಯಿಯ ರೆಕಾರ್ಡಿಗೆ ಹೆಸರು ಹಾಕಿಸಿದ್ದು

ನಮ್ಮಲ್ಲಿ ಮದುವೆಗೆ ಕೊಡುವ ಸಾಮಾನನ್ನು ಹೆಸರು ಹಾಕಿಸದೆ ಕೊಡುವುದಿಲ್ಲ. ಪಾತ್ರೆ ಅಂಗಡಿಯ ಬಾಗಿಲಲ್ಲೇ ಒಬ್ಬ ಕೆತ್ತುವ ಮಿಷನ್ನು ಹಿಡಿದು ಕೂತಿರುತ್ತಾನೆ. ಕೊಂಡ ಕೊಡ, ತಂಬಿಗೆ, ಪರಾತಗಳನ್ನು ಅವನ ಮುಂದಿಟ್ಟು ಹೆಸರು, ಊರು ಹೇಳಿದರೆ ಗುರ್ ಎಂದು ಬರೆದುಕೊಡುತ್ತಾನೆ. ನನ್ನ ಅಡುಗೆಮನೆಯಲ್ಲಿ ಸಾರು ಕುದಿಯುವುದು ಲೋಕಾಪುರದ ಚಿಗವ್ವನ ಹೆಸರಿನಲ್ಲಿ. ಮಾತು ಬಿಟ್ಟು ಎಷ್ಟೋ ವರ್ಷವಾದ ಒಬ್ಬ ಸಂಬಂಧಿಕರ ಸೌಟು ಈಗಲೂ ದಿನಾ ನಮಗೆ ಬಡಿಸುತ್ತದೆ. ಇದನ್ನು ಮೊದಲೇ ಹೇಳುವುದು ಯಾಕೆಂದರೆ, ನನ್ನ ಅಣ್ಣ ಸಿದರಾಯ ಮಾಡಿದ್ದು ಹುಚ್ಚು ಕೆಲಸವೆಂದು ಯಾರೂ ತಿಳಿಯಬಾರದು.

ನನ್ನ ಮಗಳು ವೈಶಾಲಿ ಮುಧೋಳದ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಾಳೆ. ನಾವಿರುವುದು ಜಮಖಂಡಿಯಲ್ಲಿ, ಅವಳು ದಿನಾ ಬಸ್ಸಿಗೆ ಹೋಗಿ ಬರುತ್ತಿದ್ದಳು. ನಮ್ಮ ಮನೆತನದ ಸಂಗೀತವೆಂದರೆ ಬೀರಪ್ಪನ ಗುಡಿಯ ಡೊಳ್ಳು. ಡೊಳ್ಳಿನ ಮುಂದೆ ಬೇರೇನೂ ಕೇಳಿಸುವುದಿಲ್ಲ, ಕೇಳಿಸಬೇಕೆಂದು ನಮಗೆ ಅನ್ನಿಸಿರಲೂ ಇಲ್ಲ. ಇವಳಿಗೆ ಮಾತ್ರ ಕಾಲೇಜಿನಲ್ಲಿದ್ದಾಗ ಹಿಂದೂಸ್ತಾನಿ ಸಂಗೀತದ ಗೀಳು ಹತ್ತಿತು. ಹಾಡಲು ಬರುವುದಿಲ್ಲ, ಕೇಳಲು ಬರುತ್ತದೆ. ಸಂಬಳ ಶುರುವಾದ ಮೇಲೆ ಒಂದು ಹಳೇ ರೆಕಾರ್ಡ್ ಪ್ಲೇಯರ್ ತಂದಳು. ಜೋಳದ ಹಿಟ್ಟಿನ ಡಬ್ಬಿಗಳಿದ್ದ ಕಪಾಟನ್ನು ನನ್ನಿಂದ ಇಸಿದುಕೊಂಡು ರೆಕಾರ್ಡು ಜೋಡಿಸತೊಡಗಿದಳು.

ಸಿಕ್ಕಿದ್ದನ್ನೆಲ್ಲ ಒಳಗೆ ಬಿಟ್ಟುಕೊಳ್ಳುವವಳಲ್ಲ. ಹೊಸದು ಬಂದರೆ ಒಂದು ವಾರ ಟೇಬಲ್ಲಿನ ಮೇಲೆ ಇರಬೇಕು. ವಾರದ ಕೊನೆಗೂ ಕೇಳಬೇಕೆನ್ನಿಸಿದರೆ ಕಪಾಟಿಗೆ, ಇಲ್ಲವಾದರೆ ವಾಪಸ್ಸು. ಹೆಸರಾದ ಉಸ್ತಾದರು ಕೂಡ ಟೇಬಲ್ಲಿನಿಂದಲೇ ಹೋಗಿದ್ದಾರೆ. “ಇವರು ಚಪ್ಪಾಳಿಗೆ ಹಾಡ್ಯಾರಬೇ,” ಅನ್ನುತ್ತಾಳೆ. ಇನ್ನೊಬ್ಬರದು, “ಬಸ್ ತಪ್ಪತೈತಿ ಅನ್ನೂಹಂಗ ಓಡ್ಯಾರ.” ಆದರೆ ಹಾಡುವವರು ನಡುವೆ ಕೆಮ್ಮಿದ ಒಂದು ರೆಕಾರ್ಡು ಒಂದೇ ದಿನದಲ್ಲಿ ಒಳಗೆ ಹೋಯಿತು. ಕೆಮ್ಮಿದ ಮೇಲೆ ಅವರು ಸುರಕ್ಕೆ ಹೇಗೆ ಮರಳುತ್ತಾರೆಂದು ನನ್ನನ್ನು ಪಕ್ಕದಲ್ಲಿ ಕೂಡಿಸಿಕೊಂಡು ಕೇಳಿಸಿದಳು. ನಾನು ಬಟಾಣಿ ಸುಲಿಯುತ್ತ ಕೇಳಿದೆ. ಚೆನ್ನಾಗಿಯೇ ಕೆಮ್ಮಿದ್ದರು.

ಗಂಡು ನೋಡುವಾಗಲೂ ಹೀಗೇ ಮಾಡಿದಳು. ಬೀಳಗಿಯ ಚಿದಾನಂದ, ಬ್ಯಾಂಕಿನಲ್ಲಿರುವವನು, ನೋಡಲು ಬಂದಾಗ ಒಂದು ರೆಕಾರ್ಡು ಹಚ್ಚಿದಳು. ಹುಡುಗ ಕೊನೆಯವರೆಗೆ ತುಟಿ ಬಿಚ್ಚಲಿಲ್ಲ. “ಹೆಂಗಿತ್ತು?” ಅಂದಳು. “ಖರೆ ಹೇಳಬೇಕಂದ್ರ, ನನಗ ನಿದ್ದಿ ಹತ್ತಿತ್ರಿ,” ಅಂದ. ಅವತ್ತೇ ಒಪ್ಪಿಬಿಟ್ಟಳು.

ಅವಳ ಕಪಾಟಿನಲ್ಲಿ ಒಂದು ಜಾಗ ಮೊದಲಿನಿಂದಲೂ ಖಾಲಿ ಇತ್ತು. ಕಾಲೇಜಿನ ಸಂಗೀತದ ಮೇಡಂ ಒಂದು ಸಂಜೆ ಚಂಪಾಬಾಯಿ ರಬಕವಿ ಎಂಬುವರ ರೆಕಾರ್ಡು ಕೇಳಿಸಿದ್ದರಂತೆ. ಮುಲ್ತಾನಿ ಎಂಬ ರಾಗ, ಹೊತ್ತು ಇಳಿಯುವ ಮುಂಚೆ ಹಾಡುವಂಥದ್ದು. ಆ ಬಾಯಿಯವರು ಹಾಡಿ ಉಳಿಸಿದ್ದು ಅದೊಂದೇ ರೆಕಾರ್ಡು. ಮೇಡಂ ತೀರಿಹೋದರು, ಅವರ ರೆಕಾರ್ಡು ಎಲ್ಲಿ ಹೋಯಿತೋ ಗೊತ್ತಾಗಲಿಲ್ಲ. ಮೊಬೈಲಿನಲ್ಲೂ ಇಲ್ಲ. ಆವತ್ತು ಕೇಳಿದ್ದನ್ನು ಇನ್ನೊಮ್ಮೆ ಕೇಳಬೇಕೆಂದು ಇವಳು ಅಂದಿನಿಂದ ಹುಡುಕುತ್ತಲೇ ಇದ್ದಳು.

ನಿಶ್ಚಯವಾದ ದಿನ ಸಿದರಾಯ ಹಿಪ್ಪರಗಿಯಿಂದ ಬಂದ. ಕಬ್ಬು ಬೆಳೆಯುತ್ತಾನೆ, ಅಪ್ಪನ ಕಾಲದ ನೆನಪಿಗೆಂದು ಒಂದಿಷ್ಟು ಕುರಿಯನ್ನೂ ಇಟ್ಟಿದ್ದಾನೆ.

“ಸ್ವಾದರಮಾವಂದ ಏನ ಬೇಕ ಹೇಳ ಯವ್ವಾ. ತಿಜೋರಿ? ಫ್ರಿಜ್ಜು?”

“ಚಂಪಾಬಾಯಿ ರಬಕವಿ ಅವರ ರೆಕಾರ್ಡ ಬೇಕ ಮಾಮಾ. ಸಿಗೂದಿಲ್ಲ, ಬಿಡು.”

ಸಿಗುವುದಿಲ್ಲ ಅಂದದ್ದೇ ತಪ್ಪಾಯಿತು. ಅಣ್ಣ ರಬಕವಿ, ಬನಹಟ್ಟಿಯ ಓಣಿ ಓಣಿ ತಿರುಗಿದ. ಕೊನೆಗೆ ಬನಹಟ್ಟಿಯಲ್ಲಿ ನಾಮದೇವ ಎಂಬ ಹಳೇ ನೇಕಾರರ ಅಟ್ಟದ ಮೇಲೆ ಸಿಕ್ಕಿತು. ದುಡ್ಡು ಮುಟ್ಟಲು ಅವರು ಒಲ್ಲೆ ಅಂದರಂತೆ. ಮರುದಿನ ಒಂದು ಟಗರನ್ನು ಟಂಟಂ ಗಾಡಿಯಲ್ಲಿ ಹೇರಿಕೊಂಡು ಹೋಗಿ ಕೊಟ್ಟು ರೆಕಾರ್ಡು ತಂದ. ಒಳ್ಳೇ ಟಗರಿಗೆ ಬಂದ ಹಾಡು ಒಳ್ಳೆಯದೇ ಇರುತ್ತದೆ ಎಂಬುದು ಅವನ ಲೆಕ್ಕ.

ಅವನು ಅದನ್ನು ನಮ್ಮ ಮನೆಗೆ ತಂದ ದಿನ ಬೀಗರೂ ಇದ್ದರು. ಚಿದಾನಂದ ಮತ್ತು ಅವನ ತಾಯಿ ತಾರವ್ವ ಬನಹಟ್ಟಿಯಲ್ಲಿ ನಮ್ಮ ಜೊತೆ ಮದುವೆಯ ಸೀರೆ ಖರೀದಿ ಮುಗಿಸಿ ಚಹಾಕ್ಕೆ ಬಂದಿದ್ದರು. ಸಿದರಾಯ ಕೊಡ, ಹಂಡೆ, ಪರಾತಗಳನ್ನು ಇಳಿಸಿ, ಕೊನೆಗೆ ಟವೆಲ್ಲಿನಲ್ಲಿ ಸುತ್ತಿದ ಚೌಕವನ್ನು ವೈಶಾಲಿಯ ಕೈಗಿಟ್ಟ.

ಲಕೋಟೆಯ ಮೇಲೆ ಚಂಪಾಬಾಯಿಯವರ ಫೋಟೋ ಇತ್ತು, ದೊಡ್ಡ ಕುಂಕುಮದವರು. ವೈಶಾಲಿ ನಿಂತಲ್ಲೇ ನೆಲಕ್ಕೆ ಕೂತಳು. ಮಾವನ ಮುಖ ನೋಡಿದಳು. ರೆಕಾರ್ಡನ್ನು ಹೊರತೆಗೆದು, ಗೀರು ಬಿದ್ದಿದೆಯೋ ನೋಡಲು ಯಾವಾಗಲೂ ಮಾಡುವಂತೆ ಕಿಟಕಿಯ ಬೆಳಕಿಗೆ ಓರೆ ಮಾಡಿ ಹಿಡಿದಳು. ಹಾಗೇ ಹಿಡಿದುಕೊಂಡೇ ಇದ್ದಳು.

ನಾನು ಚಹಾದ ತಾಟು ಹಿಡಿದು ಹಿಂದಿನಿಂದ ಓದಿದೆ. ಗುಂಡಗಿನ ಅಕ್ಷರ. ‘ಚಿ. ಸೌ. ವೈಶಾಲಿಗೆ ಸೋದರಮಾವ ಸಿದರಾಯ ಬೀರಪ್ಪ ಪೂಜಾರಿ, ಸಾ. ಹಿಪ್ಪರಗಿ, ಇವರ ಪ್ರೀತಿಯ ಕಾಣಿಕೆ.’

“ಕೆತ್ತಾಂವ ಜ್ಞಾನೇಶ್ವರ ಮೊದಲ ಒಲ್ಲೆ ಅಂದ,” ಅಂದ ಸಿದರಾಯ. “ಇದು ಸ್ಟೀಲ್ ಅಲ್ಲ, ನಡುವಿನ ಕಾಗದದ ಮ್ಯಾಲ ಬರೀಲೇನು ಅಂದ. ಕಾಗದ ಹರೀತೈತಿ, ಕರೇದರ ಮ್ಯಾಲ ಹಾಕೋ ಅಂದ್ನಿ. ಮೊದಲಿಂದನ ಗೆರಿ ಹೊಡದಿದ್ದು ಐತಿ ನೋಡು, ಒಂದ ಅಕ್ಷರ ಸೊಟ್ಟ ಆಗಿಲ್ಲ.”

ವೈಶಾಲಿ ನಿಧಾನವಾಗಿ ಮಗ್ಗುಲು ತಿರುಗಿಸಿದಳು. ಆ ಕಡೆ ‘ಶುಭವಿವಾಹ’ ಅಂತಿತ್ತು. ಸುತ್ತಲೂ ಬಳ್ಳಿ, ಹೂವು, ಎರಡು ಗಿಳಿ.

“ಗಿಳಿ ಅವನ ಖುಷಿಲೆ ಹಾಕ್ಯಾನ,” ಅಂದ ಅಣ್ಣ.

ಸಣ್ಣವಳಿದ್ದಾಗ ಹಲ್ಲು ನೋಯುತ್ತಿದ್ದರೂ ಹೇಳದೆ ಕೂತಾಗ ಅವಳ ಮುಖ ಹೀಗೇ ಆಗುತ್ತಿತ್ತು. ನಾನು ತಾರವ್ವನಿಗೆ ಚಹಾ ಕೊಟ್ಟೆ.

“ಹಚ್ಚವಾ, ಕೇಳೂಣು,” ಅಂದಳು ತಾರವ್ವ. “ಬಂದಂಗೂ ಆತು, ಹಾಡ ಕೇಳಿದಂಗೂ ಆತು.”

ಗಿಳಿಯ ಕಡೆ ಹಚ್ಚುವಂತಿರಲಿಲ್ಲ. ಮುಲ್ತಾನಿ ಇದ್ದದ್ದು ಹೆಸರಿನ ಕಡೆ. ವೈಶಾಲಿ ಮುಳ್ಳು ಇಳಿಸಿದಳು. ತಂಬೂರಿ ಶುರುವಾಯಿತು, ಅದರ ಜೊತೆ ಟಕ್ ಅಂತಲೂ ಶುರುವಾಯಿತು. ಚಂಪಾಬಾಯಿಯವರು ‘ಆ’ ಅಂದರು. ಟಕ್. ರೆಕಾರ್ಡು ಸುತ್ತಿದಷ್ಟು ಸಲ ಟಕ್. ಸಿದರಾಯ ಅದಕ್ಕೆ ಸರಿಯಾಗಿ ತೊಡೆ ತಟ್ಟುತ್ತ, “ತಾಳ ಛಲೋ ಹಿಡದಾರ,” ಅಂದ. ಸ್ವಲ್ಪ ಹೊತ್ತಿಗೆ ಮುಳ್ಳು ಒಂದು ಅಕ್ಷರಕ್ಕೆ ಸಿಕ್ಕಿಕೊಂಡಿತು. ಚಂಪಾಬಾಯಿಯವರು ಒಂದೇ ತುಣುಕನ್ನು ಹಾಡತೊಡಗಿದರು, ಹಾಡುತ್ತಲೇ ಇದ್ದರು.

“ದಮ್ ಐತ್ರಿ ಹೆಣ್ಣಮಗಳಿಗೆ,” ಅಂದಳು ತಾರವ್ವ. “ಹಿಡದಿದ್ದ ಬಿಡವಲ್ಲಳು.”

ಚಿದಾನಂದ ನೆಲ ನೋಡುತ್ತಿದ್ದ. ಈ ಸಲ ಅವನಿಗೆ ನಿದ್ದೆ ಹತ್ತಿರಲಿಲ್ಲ. ವೈಶಾಲಿ ಬೆರಳ ತುದಿಯಿಂದ ಮುಳ್ಳನ್ನು ಮುಂದೆ ತಳ್ಳಿದಳು. ಅಣ್ಣನ ತೊಡೆ ತಟ್ಟುವ ಕೈ ನಿಂತಿತು.

“ಯಾಕ ಮುಟ್ಟಿದಿ?”

“ಸಿಕ್ಕೊಂಡಿತ್ತ ಮಾಮಾ.”

“ಯಾತಕ್ಕ?”

ಪ್ಲೇಯರ್ ಹಳೇದು ಅಂತ ಹೇಳಬೇಕೆಂದು ನಾನು ಬಾಯಿ ತೆರೆದೆ. ಅಷ್ಟರಲ್ಲಿ ಅವಳೇ ಅಂದಳು, “ನಿನ್ನ ಹೆಸರಿಗೆ.”

ಸಿದರಾಯ ಸುತ್ತುತ್ತಿರುವ ರೆಕಾರ್ಡನ್ನೇ ನೋಡಿದ. ಎದ್ದ. ಬಾಗಿಲಿಗೆ ಹೋಗಿ ಒಂದು ಕಾಲಿಗೆ ಚಪ್ಪಲಿ ಮೆಟ್ಟಿದ. “ತಾ ಇಲ್ಲೆ. ಜ್ಞಾನೇಶ್ವರನ ಕಡೆ ಪಾಲಿಶ್ ಮಾಡೂ ಗಾಲಿ ಐತಿ. ಹಿಡದ ತಿಕ್ಕಿದ್ರ ಹೆಸರ ಹೋಗಿ ಕನ್ನಡಿ ಆಕತಿ. ತಾಸಿನ್ಯಾಗ ಬರ್ತೇನಿ.”

“ಬ್ಯಾಡ ಮಾಮಾ. ತಿಕ್ಕಿದ್ರ ಹಾಡೂ ಹೋಗತೈತಿ. ಹಾಡು ಆ ಗೆರಿಯೊಳಗ ಐತಿ.”

“ಗೆರಿಯೊಳಗ?”

“ಹೂಂ.”

“ನಾ ಅವು ಬರಿಯಾಕ ಹೊಡದಾರ ಅನಕೊಂಡಿದ್ನಿ.”

ತಾರವ್ವ ಚಹಾ ಕುಡಿದಾಗಿದ್ದರೂ ಕಪ್ಪನ್ನು ಬಾಯಿಗೆ ಹಿಡಿದೇ ಕೂತಿದ್ದಳು. ಅಣ್ಣ ಹೊಸ್ತಿಲ ಬಳಿ ಒಂದೇ ಚಪ್ಪಲಿಯಲ್ಲಿ ನಿಂತಿದ್ದ. ಈಗ ಬರೀ ಹಾಡು ಕೇಳತೊಡಗಿತು. ದನಿ ಹೆಂಚಿನ ಮೇಲಿನ ರೊಟ್ಟಿ ಉಬ್ಬಿದಂತೆ ಮೆಲ್ಲಗೆ ತುಂಬಿಕೊಂಡು ನಿಂತಿತು, ಎಲ್ಲೂ ಹರಿಯಲಿಲ್ಲ. ವೈಶಾಲಿ ತಲೆ ಎತ್ತಿದಳು.

“ಈಗ್ಯಾಕ ಟಕ್ ಅನ್ನವಲ್ದು?” ಅಂದ ಸಿದರಾಯ.

“ನಿನ್ನ ಹೆಸರ ಮುಗೀತ ಮಾಮಾ.”

ಒಳಸುತ್ತಿನ ತನಕ ಅಕ್ಷರ ಬಂದಿರಲಿಲ್ಲ. ಉಳಿದದ್ದನ್ನು ಎಲ್ಲರೂ ಹಾಗೇ ಕೇಳಿದೆವು. ರೆಕಾರ್ಡು ನಿಂತ ಮೇಲೆ ಅಣ್ಣ ಚಪ್ಪಲಿ ಬಿಟ್ಟು ಬಂದು ಕೂತ.

“ಬರೇ ಸಿದರಾಯ ಅಂತ ಹಾಕಿಸಿದ್ರ ಸಾಕಿತ್ತು,” ಅಂದ. “ಅಪ್ಪನ ಹೆಸರ ಯಾತಕ್ಕ ಬೇಕಾಗಿತ್ತು.”

“ಕಂಪ್ಯೂಟರಿನ್ಯಾಗ ಹಾಕಿ ಟಕ್ ಟಕ್ ತಗೀಬಹುದ್ರಿ ಮಾಮಾ,” ಅಂದ ಚಿದಾನಂದ.

“ನೀ ಸುಮ್ನಿರಪಾ.” ಅಣ್ಣ ವೈಶಾಲಿಯ ಕಡೆ ತಿರುಗಿದ. “ನನ್ನ ಮಾರಿ ನೋಡಿ ಹೇಳಬ್ಯಾಡ, ಖರೆ ಹೇಳು. ಇದು ಕಪಾಟಿಗೋ, ವಾಪಸ್ಸೋ?”

ಅವಳು ಸುಳ್ಳು ಹೇಳಬಹುದಿತ್ತು. ಹೇಳಲಿ ಅಂತ ನಾನು ಮನಸ್ಸಿನಲ್ಲೇ ಬೀರಪ್ಪನನ್ನು ಬೇಡಿಕೊಂಡೆ.

“ಒಂದ ವಾರ ಟೇಬಲ್ ಮ್ಯಾಲ ಇರ್ಲಿ ಮಾಮಾ.”

“ನ್ಯಾಯ ಐತಿ,” ಅಂದ ಸಿದರಾಯ.

ಆ ವಾರ ಅಣ್ಣ ದಿನಾ ಸಂಜೆ ಫೋನು ಮಾಡಿದ. ಮದುವೆಯ ಅಕ್ಕಿ, ಪೆಂಡಾಲು ಅಂತೇನೋ ಕೇಳಿ, ಕೊನೆಗೆ, “ಎಲ್ಲೈತಿ?” ಅನ್ನುತ್ತಿದ್ದ. ನಾನು ಹಿಟ್ಟಿನ ಕೈಯಲ್ಲೇ ಹೋಗಿ ನೋಡಿ, “ಟೇಬಲ್ ಮ್ಯಾಲಣ್ಣಾ,” ಅನ್ನುತ್ತಿದ್ದೆ. “ಹೂಂ,” ಅಂದು ಇಟ್ಟುಬಿಡುತ್ತಿದ್ದ. ಕುರಿ ಮಾರಾಟಕ್ಕೆ ಒಯ್ದು ಕೂತವನ ದನಿ ಅದು. ವೈಶಾಲಿ ಶಾಲೆಯಿಂದ ಬಂದು, ಮುಖ ತೊಳೆದು, ಮುಳ್ಳನ್ನು ಹೆಸರು ದಾಟಿಸಿ ಒಳಗಿನ ಭಾಗದ ಮೇಲೆ ಇಳಿಸುತ್ತಿದ್ದಳು. ಆ ಹೊತ್ತಿಗೆ ನಾನು ಮಿಕ್ಸರ್ ಹಚ್ಚುವುದನ್ನು ಬಿಟ್ಟೆ.

ವಾರ ತುಂಬಿದ ದಿನ ಅವಳು ಎಂದಿನಂತೆ ಕೇಳಿದಳು. ಕೇಳಿ ಲಕೋಟೆಗೆ ಹಾಕಿ ಕಪಾಟಿನ ಖಾಲಿ ಜಾಗದಲ್ಲಿ ಇಟ್ಟಳು.

“ಮಾವಗ ಹೇಳಬೇ,” ಅಂದಳು. “ಅರ್ಧಕ್ಕಿಂತ ಜಾಸ್ತಿ ಕೆಟ್ಟೈತಿ ಅಂತ ಹೇಳು. ಉಳದದ್ದಕ್ಕ ಇಟ್ಟೇನಿ ಅಂತ ಹೇಳು. ಎರಡೂ ಹೇಳು.”

ನಾನು ಎರಡೂ ಹೇಳಿದೆ. ಅಣ್ಣ ಎರಡನೆಯದನ್ನು ಊರಿಗೆಲ್ಲ ಹೇಳಿದ.

ಮದುವೆಯ ದಿನ, ಪದ್ಧತಿಯಂತೆ, ಯಾರು ಏನು ಕೊಟ್ಟರೆಂದು ಮೈಕಿನಲ್ಲಿ ಹೇಳುತ್ತಿದ್ದರು. ಅಷ್ಟೆಲ್ಲ ಊರಿಗೆ ಹೇಳಿದವನು ಮೈಕಿನವನ ಹತ್ತಿರ ಮಾತ್ರ ಹೋಗಿ, ಪಾತ್ರೆ ಅಷ್ಟೇ ಓದು, ರೆಕಾರ್ಡಿಂದು ಬ್ಯಾಡ ಅಂದಿದ್ದ. ಹಂಡೆ, ಕೊಡ ಓದಿ ಮುಗಿಯಿತು. ಬಾಸಿಂಗ ಕಟ್ಟಿಕೊಂಡು ಕೂತ ವೈಶಾಲಿ ಮೈಕಿನವನನ್ನು ಕೈ ಮಾಡಿ ಕರೆದು ಕಿವಿಯಲ್ಲಿ ಏನೋ ಹೇಳಿದಳು. ಅವನು ತಲೆಯಾಡಿಸಿ ಬಂದು, “ಚಂಪಾಬಾಯಿ ರಬಕವಿ ಹಾಗೂ ಸೋದರಮಾವ ಸಿದರಾಯ ಪೂಜಾರಿ, ಹಿಪ್ಪರಗಿ, ಇವರಿಂದ ಒಂದು ಹಾಡಿನ ರೆಕಾರ್ಡು,” ಅಂತ ಸಾರಿದ. ಸಿದರಾಯ ತಲೆಯ ಪಟಗ ಬಿಚ್ಚಿ ಮತ್ತೆ ಸುತ್ತಿಕೊಂಡ.

ಊಟದ ಪಂಕ್ತಿಯಲ್ಲಿ ನಾನು ಹುಗ್ಗಿಗೆ ತುಪ್ಪ ಬಡಿಸುತ್ತಿದ್ದೆ. ಬೀಗರ ಕಡೆಯ ಒಬ್ಬ ಹಿರಿಯರು ಕೈ ಹಿಡಿದು ನಿಲ್ಲಿಸಿದರು.

“ಚಂಪಾಬಾಯಾರ ಬಂದಾರೇನ್ರಿ? ಕಾಣವಲ್ರು.”

“ಬರಾಕ ಆಗಲಿಲ್ರಿ.”

“ನಿಮಗೇನಾಗಬೇಕು?”

“ನಮ್ಮ ಅಣ್ಣನ ಕಡೆಯವರ್ರಿ,” ಅಂದೆ. ತುಪ್ಪ ಹಾಕಿ ಮುಂದಿನ ಎಲೆಗೆ ಹೋದೆ.