ಕಣ್ಣು ಬಿಡಿಸಿದ ಫೋಟೋ

ನಮ್ಮ ಅಜ್ಜ ತಮ್ಮ ಮದುವೆ ಫೋಟೋದಲ್ಲಿ ಅಜ್ಜಿಯನ್ನು ನೋಡುತ್ತಿಲ್ಲ. ಹೋಗಲಿ, ಕ್ಯಾಮೆರಾವನ್ನಾದರೂ ನೋಡುತ್ತಿದ್ದಾರೆಯೇ ಎಂದರೆ ಅದೂ ಇಲ್ಲ. ಅಜ್ಜಿ ಅವರ ಎಡಗಡೆ ಕೂತಿದ್ದಾರೆ, ಅಜ್ಜನ ಎರಡು ಕಣ್ಣೂ ಬಲಗಡೆಗೆ ಹೊರಳಿವೆ. ಬಲಗಡೆ ನಿಂತಿರುವುದು ಅಜ್ಜಿಯ ತಂಗಿ, ಅಂದರೆ ನಮ್ಮ ಚಿಕ್ಕಜ್ಜಿ. ಕೈಯಲ್ಲೊಂದು ಹೂಗೊಂಚಲು, ತುಟಿಯ ಮೇಲೊಂದು ಕಿರುನಗೆ. ಈ ಫೋಟೋ ನಮ್ಮ ನಡುಮನೆಯ ಗೋಡೆಯ ಮೇಲೆ ಐವತ್ತು ವರ್ಷ ಇತ್ತು. ಸುಣ್ಣ ಬಣ್ಣ ಮಾಡಿಸುವಾಗಲೂ ಅಜ್ಜಿ ಅದನ್ನು ಒಳಗೆ ಎತ್ತಿಡಲು ಬಿಡುತ್ತಿರಲಿಲ್ಲ. "ಸಾಕ್ಷಿ ಎಲ್ಲರ ಕಣ್ಣಿಗೂ ಬೀಳ್ತಾ ಇರ್ಲಿ" ಎನ್ನುತ್ತಿದ್ದರು.

ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎಂದವರು ಯಾರೋ, ನಮ್ಮ ಮನೆಯಲ್ಲಿ ಉಂಡವರಂತೂ ಅಲ್ಲ. ನಾನು ಮಾತು ಕಲಿಯುವ ಮೊದಲೇ ಈ ಜಗಳವನ್ನು ಕಲಿತಿದ್ದೆ. ಅಜ್ಜಿ ಫೋಟೋದ ಗಾಜು ಒರೆಸುವಾಗ ಅದು ಶುರುವಾಗುತ್ತಿತ್ತು.

"ನೋಡು, ಹೇಗೆ ನೋಡ್ತಿದಾರೆ ನಾದಿನೀನ!"

"ನಾನೆಲ್ಲಿ ನೋಡ್ದೆ? ನನ್ನ ಕಣ್ಣು ಮುಚ್ಚಿತ್ತು. ಫೋಟೋದವನು ಬಿಡಿಸಿದ."

"ಬಿಡಿಸಿದ, ಸರಿ. ಬಿಡಿಸಿದ ಮೇಲೆ ಕಣ್ಣು ಯಾಕೆ ಆ ಕಡೆಗೇ ಹೋಯ್ತು?"

"ಅದನ್ನ ಅವನನ್ನೇ ಕೇಳು."

"ನಿಮ್ಮ ಕಣ್ಣು ಎಲ್ಲಿ ಹೋಯ್ತು ಅಂತ ಅವನನ್ನ ಯಾಕ್ರೀ ಕೇಳ್ಲಿ?"

ಇಲ್ಲಿಗೆ ಬರುವಷ್ಟರಲ್ಲಿ ಅಜ್ಜ ಚಪ್ಪಲಿ ಮೆಟ್ಟಿಕೊಂಡು ವರ್ಕ್‌ಶಾಪಿಗೆ ಹೊರಟಿರುತ್ತಿದ್ದರು. ಅವರು ವೆಲ್ಡರ್. ಗೇಟು, ಕಿಟಕಿ ಸರಳು, ನೀರಿನ ಟ್ಯಾಂಕು, ಆಸ್ಪತ್ರೆಯ ಮಂಚ, ಹೀಗೆ ಕಬ್ಬಿಣ ಕಬ್ಬಿಣವನ್ನು ಹಿಡಿದು ನಿಲ್ಲುವ ಕಡೆಯೆಲ್ಲ ಅವರ ಕೈ ಇದೆ. ಎರಡು ಕಬ್ಬಿಣವನ್ನು ಬೆಸೆಯುವುದರಲ್ಲಿ ಗಟ್ಟಿಗರು, ಎರಡು ಮಾತನ್ನು ಬೆಸೆಯುವುದರಲ್ಲಿ ಸೊನ್ನೆ.

ಮದುವೆಯ ನಂತರದ ಫೋಟೋಗಳನ್ನು ನೋಡಬೇಕು ನೀವು. ಒಂದರಲ್ಲೂ ಅಜ್ಜನ ಕಣ್ಣಿಲ್ಲ, ಎಲ್ಲದರಲ್ಲೂ ಕಪ್ಪು ಕನ್ನಡಕ. ಚೊಚ್ಚಲ ಮಗುವಿಗೆ, ಅಂದರೆ ನಮ್ಮಪ್ಪನಿಗೆ, ಮೂರು ತಿಂಗಳಾಗಿದ್ದಾಗ ತೆಗೆಸಿದ್ದರಲ್ಲಿ ವರ್ಕ್‌ಶಾಪಿನ ದುಂಡು ಗಾಗಲ್ಸನ್ನೇ ಹಾಕಿಕೊಂಡಿದ್ದಾರೆ. ಮಗು ಅವರ ಮುಖ ನೋಡಿ ಕಿಟಾರನೆ ಕಿರುಚುತ್ತಿದೆ. ಆಮೇಲೆ ಅಂಗೈ ಅಗಲದ ಕೂಲಿಂಗ್ ಗ್ಲಾಸಿನ ಕಾಲ ಬಂತು. ಅದರಲ್ಲಿ ಅಜ್ಜನ ಮುಖವೆಂದರೆ ಎರಡು ಕಪ್ಪು ಕಿಟಕಿ, ಒಂದು ಮೀಸೆ. ಬೆಟ್ಟದ ಮೇಲೆ ತೆಗೆದದ್ದರಲ್ಲಿ ಚಿನ್ನದ ಬಣ್ಣದ ಚೌಕಟ್ಟು, ಅಪ್ಪನ ಮದುವೆಯಲ್ಲಿ ಕಂದು ಗಾಜು. ಮಧ್ಯೆ ಒಂದಷ್ಟು ದಿನ ಬಿಸಿಲಿಗೆ ಹೋದರೆ ತಾನಾಗಿ ಕಪ್ಪಾಗುವ ಕನ್ನಡಕ ತಂದಿದ್ದರು. ಫೋಟೋಕ್ಕೆ ಎಲ್ಲರೂ ಸಾಲಾಗಿ ನಿಂತರೆ ಅಜ್ಜ ಅಂಗಳದಲ್ಲಿ ಕತ್ತೆತ್ತಿ ನಿಂತು ಕನ್ನಡಕ ಕಾಯಿಸಿಕೊಂಡು ಒಳಗೆ ಓಡಿ ಬರುತ್ತಿದ್ದರು. ಯಾರೋ ಸೀನುವಷ್ಟರಲ್ಲಿ ಅದು ಮತ್ತೆ ತಿಳಿಯಾಗುತ್ತಿತ್ತು, ಅಜ್ಜ ಮತ್ತೆ ಅಂಗಳಕ್ಕೆ ಓಡುತ್ತಿದ್ದರು.

"ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ್ರಂತೆ" ಎಂದು ಅಜ್ಜಿ ಪ್ರತಿ ಸಲವೂ ಹೇಳುತ್ತಿದ್ದರು. ಗುರುತಿನ ಚೀಟಿಯವರು ಮಾತ್ರ ಕನ್ನಡಕ ಕಿತ್ತುಕೊಂಡೇ ಕೂರಿಸಿದರು. ಅದರಲ್ಲಿ ಅಜ್ಜನ ಎರಡೂ ಕಣ್ಣು ಬಿಗಿಯಾಗಿ ಮುಚ್ಚಿವೆ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದರೆ ಲೋಕಕ್ಕೆ ಗೊತ್ತಾಗುವುದಿಲ್ಲವೇ ಎಂದರು ಅಜ್ಜಿ.

ಮದುವೆಯಾಗಿ ಐವತ್ತು ವರ್ಷವಾದಾಗ ಇಬ್ಬರನ್ನೂ ಕೂರಿಸಿ ಒಂದು ಚೆಂದದ ಫೋಟೋ ತೆಗೆಸುವ ಕೆಲಸ ನನ್ನ ತಲೆಗೆ ಬಂತು. ಅಜ್ಜಿ ಒಂದೇ ಮಾತಿನಲ್ಲಿ ಹೇಳಿದರು, "ಕನ್ನಡಕ ತೆಗೆದ್ರೆ ಪಕ್ಕದಲ್ಲಿ ಕೂತ್ಕೋತೀನಿ, ಇಲ್ಲಾಂದ್ರೆ ಅವರೊಬ್ಬರದ್ದೇ ತೆಗೆಸಿಕೊಳ್ಳಲಿ." ಅಜ್ಜನದು ಇನ್ನೂ ಗಿಡ್ಡ ಮಾತು, "ತೆಗೆಯಲ್ಲ." ಎತ್ತು ಏರಿಗೆ, ಕೋಣ ನೀರಿಗೆ. ನನಗೆ ಸಿಟ್ಟು ನೆತ್ತಿಗೇರಿತು. ಅಡುಗೆಮನೆಗೆ ಹೋಗಿ, ಇಷ್ಟು ವಯಸ್ಸಾದ ಮೇಲೂ ಇದೆಂಥಾ ಹಠ ಅಜ್ಜಿ ಎಂದು ಕೂಗಾಡಿದೆ.

ಅಜ್ಜಿ ಪಾತ್ರೆ ಒರೆಸುವುದನ್ನು ನಿಲ್ಲಿಸಲಿಲ್ಲ. ಬೆನ್ನು ನನ್ನ ಕಡೆಗಿತ್ತು. "ನನ್ನ ತಂಗಿ ನನಗಿಂತ ಲಕ್ಷಣವಾಗಿದ್ಲು ಕಣೇ. ಅದೇನು ಸುಳ್ಳಲ್ಲ. ಅವತ್ತು ಬಂದವರೆಲ್ಲ ಅವಳನ್ನೇ ನೋಡಿದ್ರು, ನೋಡ್ಲಿ ಬಿಡು. ಒಬ್ಬರಾದ್ರೂ ನನ್ನ ನೋಡ್ಬಹುದಿತ್ತು. ಒಂದೇ ಒಂದು ಫೋಟೋದಲ್ಲಿ ಇವರ ಕಣ್ಣು ನನ್ನ ಕಡೆ ಇದ್ರೆ, ಆ ಹಳೇದನ್ನ ನಾನೇ ಇಳಿಸ್ತೀನಿ."

ಅಷ್ಟು ದಿನ ನಾನು ಅದನ್ನು ತಮಾಷೆ ಎಂದೇ ತಿಳಿದಿದ್ದೆ. ತಮಾಷೆಯಲ್ಲ ಎಂದು ಆಗ ಗೊತ್ತಾಯಿತು. ನೇರ ಹೋಗಿ ಅಜ್ಜನ ಮುಂದೆ ಅತ್ತೆ. ಅರ್ಧ ನಿಜವಾದ ಅಳು, ಅರ್ಧ ನಾಟಕ. ಅಜ್ಜ ಕಂಗಾಲಾಗಿ "ಆಯ್ತು ಮಾರಾಯ್ತಿ" ಎಂದರು.

ಸ್ಟುಡಿಯೋ ಅದೇ ಹಳೆಯದು, ಬಟ್ಟೆ ಅಂಗಡಿಯ ಪಕ್ಕದ ಕಡಿದಾದ ಮೆಟ್ಟಿಲು ಹತ್ತಿದರೆ ಮಹಡಿಯ ಮೇಲೆ. ಮದುವೆ ಫೋಟೋ ತೆಗೆದವರು ಈಗಿಲ್ಲ, ಅವರ ಮಗಳು ನಡೆಸುತ್ತಾಳೆ. ಚಿಕ್ಕಜ್ಜಿಯೂ ಜೊತೆಗೆ ಬಂದರು. ಯಾರೂ ಕರೆದಿರಲಿಲ್ಲ. ತುಟಿಗೆ ಬಣ್ಣ ಬಳಿದುಕೊಂಡು, "ನಾನು ಮೂಲೆಯಲ್ಲಿ ಕೂತಿರ್ತೀನಿ ಬಿಡಿ, ಭಾವನ ಕಣ್ಣಿಗೆ ಬೀಳಲ್ಲ" ಎಂದು ಎಲ್ಲರಿಗೂ ಕೇಳುವಂತೆ ಹೇಳಿದರು. ಐವತ್ತು ವರ್ಷ ಆ ಜಗಳದಲ್ಲಿ ಸುಖವಾಗಿದ್ದವರೆಂದರೆ ಅವರೊಬ್ಬರೇ.

ಇಬ್ಬರನ್ನೂ ಬೆಂಚಿನ ಮೇಲೆ ಕೂರಿಸಿದ್ದಾಯಿತು. ಅಜ್ಜ ಕನ್ನಡಕ ತೆಗೆದು ಅಂಗಿ ಜೇಬಿಗೆ ಹಾಕಿದರು. ಮೂಗಿನ ಎರಡು ಬದಿಗೂ ಕೆಂಪು ಗುರುತು ಬಿದ್ದಿತ್ತು.

"ರೆಡೀನಾ?" ಎಂದಳು ಸ್ಟುಡಿಯೋದವಳು. ಬೆಳಕು ಫಳ್ಳೆಂದಿತು. ಕಂಪ್ಯೂಟರ್ ಪರದೆಯ ಮೇಲೆ ನೋಡಿದರೆ ಅಜ್ಜನ ಕಣ್ಣು ಮುಚ್ಚಿವೆ. ಮತ್ತೊಮ್ಮೆ ತೆಗೆದಳು, ಮುಚ್ಚಿವೆ. ಹೇಳದೆ ಕೇಳದೆ ತೆಗೆದಳು, ಆಗಲೂ ಮುಚ್ಚಿವೆ.

"ನೋಡಿದ್ಯಾ? ನನ್ನ ಪಕ್ಕ ಕೂತ್ರೆ ಕಣ್ಣು ಬಿಡೋಕೂ ಕಷ್ಟ ಇವರಿಗೆ!" ಅಜ್ಜಿ ಎದ್ದೇಬಿಟ್ಟರು.

ಸ್ಟುಡಿಯೋದವಳು ಕ್ಯಾಮೆರಾ ಕೆಳಗಿಟ್ಟಳು. "ತಾತ, ನೀವು ವೆಲ್ಡಿಂಗ್ ಮಾಡ್ತಿದ್ರಾ?"

"ಹೂಂ ಕಣಮ್ಮ. ಕಿಡಿ ಹಾರೋ ಮುಂಚೆ ಕಣ್ಣು ಮುಚ್ಚೋದು ರೂಢಿ. ಮುಚ್ಚದೆ ಇದ್ದವರ ಕಣ್ಣು ಉಳಿಯಲ್ಲ. ಬೆಳಕು ಬರುತ್ತೆ ಅನ್ನಿಸಿದ್ರೆ ಸಾಕು, ರೆಪ್ಪೆ ನನ್ನ ಮಾತು ಕೇಳಲ್ಲ."

"ಹಾಗಾದ್ರೆ ನಮ್ಮಪ್ಪ ಹೇಳ್ತಿದ್ದದ್ದು ನಿಮ್ಮವರ ವಿಷಯಾನೇ!" ಅವಳು ನಕ್ಕು ಗೋಡೆಯ ಮೇಲಿದ್ದ ಹಳೆಯ ದೊಡ್ಡ ಫೋಟೋ ತೋರಿಸಿದಳು. ಅಜ್ಜನ ವರ್ಕ್‌ಶಾಪಿನವರೆಲ್ಲ ಗೇಟಿನ ಮುಂದೆ ನಿಂತು ತೆಗೆಸಿಕೊಂಡದ್ದು. ಅದರಲ್ಲಿ ಕಪ್ಪು ಕನ್ನಡಕದವರು ಅಜ್ಜ ಒಬ್ಬರೇ. "ಅಷ್ಟೂ ಜನ ಕಣ್ಣು ಮುಚ್ಚಿದ್ರಂತೆ ಅಜ್ಜಿ. ಆಮೇಲೆ ಅಪ್ಪ ಒಬ್ಬೊಬ್ಬರಿಗೂ ಕಣ್ಣು ಬಿಡಿಸಿದ್ರು."

"ಬಿಡಿಸಿದ್ರು ಅಂದ್ರೆ? ಮತ್ತೆ ನಿಲ್ಲಿಸಿ, ಕಣ್ಣು ಬಿಡಿ ಅಂದ್ರಾ?" ಎಂದು ಅಜ್ಜಿ ಕೇಳಿದರು.

"ಅಯ್ಯೋ ಇಲ್ಲಪ್ಪ. ಚಿತ್ರ ಬಿಡಿಸ್ತಾರಲ್ಲ, ಹಾಗೆ. ಸಣ್ಣ ಕುಂಚ, ಒಂಚೂರು ಕಪ್ಪು ಬಣ್ಣ. ಮುಚ್ಚಿದ ರೆಪ್ಪೆ ಮೇಲೆ ಕಣ್ಣು ಬರೀತಿದ್ರು. ಅದ್ರಲ್ಲಿ ಎತ್ತಿದ ಕೈ ನಮ್ಮಪ್ಪ."

ಅಜ್ಜಿ ಫೋಟೋದ ಹತ್ತಿರ ಹೋದರು. ನಾನೂ ಹೋದೆ. ಉದ್ದ ಮೂಗಿನವನು, ಬೋಳುತಲೆಯವನು, ಗಡ್ಡದವನು, ಎಲ್ಲರಿಗೂ ಒಂದೇ ಜೊತೆ ಕಣ್ಣು. ಎಲ್ಲವೂ ಬಲಗಡೆಗೆ ಹೊರಳಿವೆ. ಕ್ಯಾಮೆರಾ ನೋಡುತ್ತಿದ್ದದ್ದು ಮುಂದೆ ಮಲಗಿದ್ದ ವರ್ಕ್‌ಶಾಪಿನ ನಾಯಿ ಮಾತ್ರ.

"ಎಲ್ಲರೂ ಯಾಕೆ ಆ ಕಡೆ ನೋಡ್ತಿದಾರೆ?" ಅಜ್ಜಿ ಮೆಲ್ಲಗೆ ಕೇಳಿದರು.

"ಅಪ್ಪಂಗೆ ಬರ್ತಿದ್ದದ್ದು ಅದೊಂದೇ ಕಣ್ಣು ಅಜ್ಜಿ."

ಅಜ್ಜಿ ತಿರುಗಿ ಮೂಲೆಯಲ್ಲಿದ್ದ ತಂಗಿಯನ್ನು ನೋಡಿದರು, ಮತ್ತೆ ಫೋಟೋ ನೋಡಿದರು. "ಇಷ್ಟೂ ಜನ ನಿನ್ನನ್ನ ನೋಡೋಕಂತೂ ಸಾಧ್ಯ ಇಲ್ಲ" ಎಂದರು. ನಾನು ನಗು ತಡೆಯಲಾರದೆ ಬೆಂಚಿನ ಹಿಂದಿನ ಬಟ್ಟೆ ಪರದೆಯ ಮರೆಗೆ ಹೋದೆ. ಚಿಕ್ಕಜ್ಜಿಯ ಮುಖ ಮಾತ್ರ ಇಳಿದುಹೋಗಿತ್ತು. "ಹಾಗಾದ್ರೆ ಭಾವ ನನ್ನ ನೋಡ್ಲೇ ಇಲ್ವಾ?" ಎಂದು ಯಾರನ್ನೋ ಕೇಳಿದರು.

ಅಜ್ಜಿಯ ಸಿಟ್ಟು ಈಗ ಅಜ್ಜನ ಕಡೆ ತಿರುಗಿತು. "ಐವತ್ತು ವರ್ಷ ನಿಮ್ಮ ಬಾಯಿಗೆ ಬೀಗ ಹಾಕಿತ್ತೇನ್ರೀ?"

"ದಿನಾ ಹೇಳಿದೀನಲ್ಲೇ! ಬಿಡಿಸಿದ, ಬಿಡಿಸಿದ ಅಂತ!"

"ಬಿಡಿಸಿದ ಅಂದ್ರೆ ನೀವು ಬಿಟ್ರಿ ಅಂದ್ಕೊಂಡೆ!"

"ನಾನು ಬಿಡ್ಲೇ ಇಲ್ಲ ಕಣೇ. ನಿನಗೆ ಗೊತ್ತಿದೆ, ಸುಮ್ನೆ ಕಾಡಿಸ್ತೀಯ ಅಂದ್ಕೊಂಡಿದ್ದೆ. ಮತ್ತೆಲ್ಲಾದ್ರೂ ಕಣ್ಣು ಮುಚ್ಚಿದ್ರೆ, ಆ ಪುಣ್ಯಾತ್ಮ ಇನ್ಯಾರ ಕಡೆ ನೋಡಿಸ್ತಾನೋ ಅಂತ ಹೆದರಿ ಕನ್ನಡಕ ಹಾಕ್ದೆ." ಅಜ್ಜ ಹೆಂಡತಿಯ ಮುಖ ನೋಡಿದರು. ಧ್ವನಿ ಬದಲಾಯಿತು. "ನಿಜವಾಗ್ಲೂ ಬೇಜಾರು ಮಾಡ್ಕೊಂಡಿದ್ಯಾ?"

ಅಜ್ಜಿ ಮುಖವನ್ನು ಗೋಡೆಯ ಫೋಟೋದ ಕಡೆ ತಿರುಗಿಸಿದರು.

"ಅವತ್ತು ನಾನು ನಿನ್ನನ್ನೇ ನೋಡ್ತಿದ್ದೆ. ಫೋಟೋದವನು ಎರಡು ಸಲ ಬೈದ, ಸ್ವಲ್ಪ ಈ ಕಡೆ ನೋಡಪ್ಪಾ ಅಂತ. ಕ್ಯಾಮೆರಾ ಕಡೆ ತಿರುಗಿದ್ದೇ ತಡ, ಬೆಳಕು ಹಾರಿಸಿದ."

ನನಗೆ ಗೊತ್ತಿರುವಂತೆ ಅಜ್ಜ ಒಂದೇ ಸಲಕ್ಕೆ ಅಷ್ಟು ಮಾತಾಡಿದ್ದು ಅದೇ ಮೊದಲು. ಅಜ್ಜಿ ಬಂದು ಬೆಂಚಿನ ಮೇಲೆ ಕೂತರು. ಕಣ್ಣು ತುಂಬಿತ್ತು, ಅದನ್ನು ತಂಗಿ ನೋಡುವುದು ಬೇಕಿರಲಿಲ್ಲ. ಅಜ್ಜನ ಜೇಬಿಗೆ ಕೈ ಹಾಕಿ ಕಪ್ಪು ಕನ್ನಡಕ ತೆಗೆದು ತಾವೇ ಹಾಕಿಕೊಂಡರು. "ತೆಗಿಯಮ್ಮ ಫೋಟೋ" ಎಂದರು.

ಬೆಳಕು ಫಳ್ಳೆಂದಿತು. ಕಂಪ್ಯೂಟರ್ ಪರದೆಯ ಮೇಲೆ ಅಜ್ಜ ಕಣ್ಣು ಮುಚ್ಚಿ ಬಾಯಿ ತುಂಬ ನಗುತ್ತಿದ್ದರು, ಪಕ್ಕದಲ್ಲಿ ಅಜ್ಜಿ ಅರ್ಧ ಮುಖದ ತುಂಬ ಕಪ್ಪು ಕನ್ನಡಕ ಹಾಕಿಕೊಂಡು ನೆಟ್ಟಗೆ ಕೂತಿದ್ದರು.

"ತಾತಂಗೆ ಕಣ್ಣು ಬಿಡಿಸ್ಲಾ? ಈಗ ಕಂಪ್ಯೂಟರಲ್ಲೇ ಆಗುತ್ತೆ" ಎಂದಳು ಸ್ಟುಡಿಯೋದವಳು.

"ಮುಟ್ಟಿದ್ರೆ ನೋಡು!" ಎಂದರು ಅಜ್ಜಿ. "ನಿಮ್ಮಪ್ಪ ಬಿಡಿಸಿದ್ದೇ ಸಾಕು."

ಈಗ ನಡುಮನೆಯ ಗೋಡೆಯ ಮೇಲಿರುವುದು ಈ ಫೋಟೋ. ಹಳೆಯದನ್ನು ಅಜ್ಜಿಯೇ ಸ್ಟೂಲು ಹತ್ತಿ ಇಳಿಸಿದರು. ಚಿಕ್ಕಜ್ಜಿ ಕೇಳಿದ್ದಕ್ಕೆ ಅದನ್ನು ಅವರಿಗೇ ಕೊಟ್ಟುಬಿಟ್ಟರು. ಮೊನ್ನೆ ಬಂದಾಗ ಚಿಕ್ಕಜ್ಜಿ ಹೊಸದರ ಮುಂದೆ ತುಂಬ ಹೊತ್ತು ನಿಂತು, "ಅಕ್ಕಾ, ಇದ್ರಲ್ಲಿ ನೀನು ಎಲ್ಲಿ ನೋಡ್ತಿದೀಯ?" ಎಂದು ಕೇಳಿದರು.

"ಕ್ಯಾಮೆರಾನೇ. ಇನ್ನೆಲ್ಲಿ?" ಎಂದರು ಅಜ್ಜಿ.

ಸುಳ್ಳು. ಫೋಟೋ ತೆಗೆಯುವಾಗ ನಾನು ಬಟ್ಟೆ ಪರದೆಯ ಹಿಂದಿನಿಂದ ಬಂದು ಬೆಂಚಿನ ಪಕ್ಕದಲ್ಲೇ ನಿಂತಿದ್ದೆ. ಕನ್ನಡಕ ಅಜ್ಜಿಯ ಮುಖಕ್ಕೆ ದೊಡ್ಡದು, ಪಕ್ಕದಿಂದ ಒಳಗಿನ ಕಣ್ಣು ಚೆನ್ನಾಗಿ ಕಾಣುತ್ತಿತ್ತು. ಅದು ಅಜ್ಜನ ಮುಚ್ಚಿದ ಕಣ್ಣುಗಳನ್ನೇ ನೋಡುತ್ತಿತ್ತು. ಅಷ್ಟು ಬೆಳಕು ಬಿದ್ದರೂ ರೆಪ್ಪೆ ಬಡಿಯಲಿಲ್ಲ.