ಎಡಗೈ ಬಾಣದವನು

ನಾನೊಬ್ಬ ಸೀಸದ ಸೈನಿಕ. ಎತ್ತರ ನಿಮ್ಮ ಹೆಬ್ಬೆರಳಿನಷ್ಟು. ಗತ್ತು ಅದಕ್ಕಿಂತ ಸ್ವಲ್ಪ ಹೆಚ್ಚು. ಮೈಸೂರು ಸೈನ್ಯದ ಬಾಣದ ದಳ ನನ್ನದು. ಬಾಣವೆಂದರೆ ಬಿಲ್ಲಿನದಲ್ಲ, ಮದ್ದು ತುಂಬಿ ಬೆಂಕಿ ಹಚ್ಚಿ ಹಾರಿಸುವ ಕಬ್ಬಿಣದ ಕೊಳವೆಯದು. ನನ್ನ ಪಾಲಿಗೆ ಬಂದದ್ದು ಮಾತ್ರ ತೆಂಗಿನ ಪೊರಕೆಯ ಕಡ್ಡಿ.

ಹುಟ್ಟುವ ಮೊದಲು ನಾನು ಅಕ್ಷರವಾಗಿದ್ದೆ. ಮೈಸೂರಿನ ಗಲ್ಲಿಯೊಂದರ ಮುದ್ರಣಾಲಯದಲ್ಲಿ ಅಚ್ಚಿನ ಮೊಳೆಗಳಾಗಿ ಮಲಗಿದ್ದ ಕಾಲ ಈಗಲೂ ಕನಸಿನಲ್ಲಿ ಬರುತ್ತದೆ. ಒಂದು ಕನಸಿನಲ್ಲಿ ನಾನು ಮದುವೆ ಪತ್ರಿಕೆಯ ‘ಚಿ.ಸೌ.’, ಇನ್ನೊಂದರಲ್ಲಿ ವೈಕುಂಠ ಸಮಾರಾಧನೆಯ ಕರೆಯೋಲೆಯ ಕೊನೆಯ ಚುಕ್ಕಿ. ಎಚ್ಚರವಾದರೆ ಪೇಟ ಸುತ್ತಿದ ತಲೆ, ಕೈಯಲ್ಲಿ ಕಡ್ಡಿ. ಯಾವುದು ನಿಜವೆಂದು ತಿಳಿಯಲು ಒಂದಿಷ್ಟು ಹೊತ್ತು ಬೇಕಾಗುತ್ತದೆ.

ಆ ಮುದ್ರಣಾಲಯ ಬಾಗಿಲು ಹಾಕಿದ ದಿನ ಮಾಲೀಕರು, ಬೇಕಾದ್ದನ್ನು ಕೊಂಡೊಯ್ಯಿರಿ ಎಂದರಂತೆ. ಉಳಿದವರು ಫ್ಯಾನು, ಕುರ್ಚಿಗಳ ಕಡೆ ನೋಡಿದರು. ಮೂವತ್ತು ವರ್ಷ ಮೊಳೆ ಜೋಡಿಸಿದ್ದ ಕಂಪೋಸಿಟರ್ ಚೆನ್ನಂಜಪ್ಪನವರು ಒಂದು ಮೂಟೆ ಸವೆದ ಅಕ್ಷರಗಳನ್ನು ಹೊತ್ತು ಮನೆಗೆ ಬಂದರು.

“ಇದೇನ್ರೀ ಇದು? ಹುರಿಯಕ್ಕಾ, ಬೇಯ್ಸಕ್ಕಾ?” ಎಂದರು ಅವರ ಹೆಂಡತಿ ಗೌರಾಂಬ.

“ಕರಗ್ಸಕ್ಕೆ,” ಎಂದರು ಚೆನ್ನಂಜಪ್ಪ.

ಹಿತ್ತಲಿನ ಸೀಮೆಎಣ್ಣೆ ಸ್ಟವ್ ಮೇಲೆ, ಹಿಡಿ ಮುರಿದ ಸೌಟಿನಲ್ಲಿ ಅಕ್ಷರಗಳೆಲ್ಲ ಕರಗಿ ಒಂದೇ ಬೆಳ್ಳನೆಯ ಮೌನವಾದವು. ಆ ಮೌನವನ್ನು ಅವರು ತಾವೇ ಮಾಡಿದ ಅಚ್ಚಿಗೆ ಸುರಿದರು. ಅದು ಆರಿದಾಗ ನಾನು ಹುಟ್ಟಿದ್ದೆ. ನನ್ನ ಹಿಂದೆಯೇ ಹದಿಮೂರು ತಮ್ಮಂದಿರು.

ಹುಟ್ಟಿನಲ್ಲೇ ಒಂದು ಎಡವಟ್ಟಾಗಿತ್ತು. ಮೊಳೆಯ ಮೇಲೆ ಅಕ್ಷರ ತಿರುಗುಮುರುಗಾಗಿರುತ್ತದೆ, ಕಾಗದಕ್ಕೆ ಒತ್ತಿದಾಗ ನೆಟ್ಟಗಾಗುತ್ತದೆ. ಮೂವತ್ತು ವರ್ಷ ಲೋಕವನ್ನು ಹಾಗೆ ಓದಿದವರು ಮೇಣದಲ್ಲಿ ನನ್ನ ಮೂಲವನ್ನು ಕೆತ್ತುವಾಗಲೂ, ಹೇಗಿದ್ದರೂ ಅಚ್ಚಿನಲ್ಲಿ ತಿರುಗುತ್ತದಲ್ಲ ಎಂದು ಬಲಗೈಯದನ್ನೆಲ್ಲ ಎಡಗೈಗೆ ಕೊಟ್ಟುಬಿಟ್ಟರು. ಗೊಂಬೆಯ ಅಚ್ಚು ಏನನ್ನೂ ತಿರುಗಿಸುವುದಿಲ್ಲ. ಹೀಗೆ ನಾವು ಹದಿನಾಲ್ಕೂ ಮಂದಿ ಎಡಚರಾಗಿ ಹುಟ್ಟಿದೆವು. ಕತ್ತಿ ಬಲಸೊಂಟಕ್ಕೆ, ಬೆಂಕಿಯ ಬತ್ತಿ ಎಡಗೈಗೆ.

ಬಣ್ಣಕ್ಕೆ ಒಂದು ತಿಂಗಳು ಹಿಡಿಯಿತು. ಒಂದೇ ಕೂದಲಿನ ಕುಂಚದಲ್ಲಿ ಅವರು ಕಣ್ಣು ಬರೆಯುವಾಗ ಉಸಿರು ಬಿಗಿಹಿಡಿಯುತ್ತಿದ್ದರು. ನಾನು ಮೊದಲು ಕಂಡದ್ದು ಆ ಉಸಿರು ಬಿಗಿಹಿಡಿದ ಮುಖವನ್ನೇ.

ಆಮೇಲೆ ನಮ್ಮನ್ನು ಕ್ಲಬ್ಬಿಗೆ ಕೊಟ್ಟರು. ಭಾನುವಾರ ರಜೆಯಿರುವ ಟೈಪಿಂಗ್ ಇನ್‌ಸ್ಟಿಟ್ಯೂಟಿನ ಮಹಡಿಯಲ್ಲಿ ಆರು ಮೇಜು ಕೂಡಿಸಿ, ಹಸಿರು ಬೆಡ್‌ಶೀಟ್ ಹಾಸಿ, ಹಳೆಯ ಕಾಳಗಗಳನ್ನು ಮತ್ತೆ ಆಡುವ ಏಳೆಂಟು ಮಂದಿ ದೊಡ್ಡವರ ಕ್ಲಬ್ಬು ಅದು. ನೀಲಿ ಲೈನಿಂಗ್ ಬಟ್ಟೆ ಹೊಳೆಯಾಗುತ್ತಿತ್ತು, ಪಾತ್ರೆ ಉಜ್ಜುವ ಹಸಿರು ನಾರು ಮರವಾಗುತ್ತಿತ್ತು. ವಾರವಿಡೀ ಸ್ಪಂಜಿನ ಪೆಟ್ಟಿಗೆಯಲ್ಲಿ ಮಲಗಿದ್ದ ನಮಗೆ ಮುಚ್ಚಳ ತೆರೆದಾಗ ಕಿಟಕಿಯ ಬಿಸಿಲಿನಲ್ಲಿ ತೇಲುವ ಧೂಳು ಕಾಣುತ್ತಿತ್ತು. ಅದು ತೋಪಿನ ಹೊಗೆಯೋ, ಕನಸಿನ ಅಂಚೋ, ನಾನು ಕೇಳಲು ಹೋಗಲಿಲ್ಲ.

ಮೊದಲ ದಿನವೇ ನಮ್ಮ ಪರೀಕ್ಷೆಯಾಯಿತು. ಪಂದ್ಯದ ತೀರ್ಪುಗಾರರು ನಿವೃತ್ತ ಚರಿತ್ರೆ ಟೀಚರ್ ನೂರ್ ಫಾತಿಮಾ ಮೇಡಂ. ನನ್ನನ್ನು ಎತ್ತಿ ಕನ್ನಡಕ ಸರಿಮಾಡಿಕೊಂಡರು.

“ಚೆನ್ನಂಜಪ್ಪನವರೇ, ಇಡೀ ದಳಕ್ಕೆ ದಳವೇ ಎಡಚರಾಗಿದ್ದಾರಲ್ಲ! ಇದಕ್ಕೆ ಆಧಾರ ಯಾವ ಗ್ರಂಥದಲ್ಲಿದೆ?”

ಚೆನ್ನಂಜಪ್ಪ ನೋಡಿದರು. ಕಿವಿ ಕೆಂಪಾಯಿತು. “ಆಧಾರ ಏನೂ ಇಲ್ಲ ಮೇಡಂ. ಕೈತಪ್ಪು.”

“ಕೈತಪ್ಪಲ್ಲ ಬಿಡ್ರೀ, ಕೈ ಬದಲು!” ಎಂದು ಲಾಯರ್ ಲಿಂಗರಾಜೇ ಅರಸರು ಮೇಜು ಗುದ್ದಿ ನಕ್ಕರು. ನಾನು ಮಗುಚಿ ಬಿದ್ದೆ.

ಆ ಕ್ಲಬ್ಬಿನಲ್ಲಿ ಹೆಚ್ಚಾಗಿ ಆಡುತ್ತಿದ್ದದ್ದು ಮೈಸೂರಿನವರು ಇಂಗ್ಲಿಷರನ್ನು ಸೋಲಿಸಿದ ಪೊಳ್ಳಿಲೂರಿನ ಕಾಳಗ. ಇಂಗ್ಲಿಷರು ಮದ್ದಿನ ಬಂಡಿಯನ್ನು ಮೇಜಿನ ಒಂದು ತುದಿಯಿಂದ ಇನ್ನೊಂದು ತುದಿಗೆ ದಾಟಿಸಬೇಕು, ಮೈಸೂರಿನವರು ತಡೆಯಬೇಕು. ತೊಂದರೆಯೆಂದರೆ, ಮೈಸೂರಿನಲ್ಲಿ ಹುಟ್ಟಿ ಬೆಳೆದವರ ಪೈಕಿ ಇಂಗ್ಲಿಷರಾಗಲು ಯಾರು ಒಪ್ಪುತ್ತಾರೆ? ಅದಕ್ಕೆ ಕ್ಲಬ್ಬು ಒಂದು ಕಟ್ಟಳೆ ಮಾಡಿತ್ತು. ಪೊಳ್ಳಿಲೂರಿನಲ್ಲಿ ಸೋತವರೇ ಮುಂದಿನ ಸಲ ಇಂಗ್ಲಿಷರು. ಇನ್ನೆರಡು ಕಟ್ಟಳೆಗಳೂ ಇದ್ದವು: ಒಂದು ಪಕ್ಷದ ಗೊಂಬೆಗಳನ್ನು ಆ ಪಕ್ಷದ ದಳಪತಿಯಲ್ಲದೆ ಬೇರೆಯವರು ಮುಟ್ಟುವಂತಿಲ್ಲ. ಯಾರಾದರೂ ತಮ್ಮ ಆಟದಲ್ಲಿ ಏನನ್ನಾದರೂ ಮರೆತರೆ ಯಾರೂ ನೆನಪಿಸುವಂತಿಲ್ಲ.

ಹೊಸಬರೆಂದು ಇಂಗ್ಲಿಷರಾದ ಚೆನ್ನಂಜಪ್ಪ ಮೊದಲ ಸಲ ಸೋತರು. ಎರಡನೆಯ ಸಲವೂ ಸೋತರು. ಹೀಗೇ ಒಂಬತ್ತು ವರ್ಷ ಇಂಗ್ಲಿಷರಾದರು.

“ಕರ್ನಲ್ ಸಾಹೇಬ್ರು ಬಂದ್ರು, ಕುರ್ಚಿ ಹಾಕ್ರಪ್ಪಾ!” ಎಂದು ಮೈಸೂರಿನ ದಳಪತಿಯಾದ ಅರಸರು ಪ್ರತಿ ಸಲವೂ ಎದ್ದು ಸಲಾಮು ಹೊಡೆಯುತ್ತಿದ್ದರು. ಚೆನ್ನಂಜಪ್ಪ ಪಂಚೆ ಎತ್ತಿಕಟ್ಟಿ ತಮ್ಮ ಕೆಂಪು ಕೋಟಿನವರನ್ನು ಸಾಲಾಗಿ ನಿಲ್ಲಿಸುತ್ತಿದ್ದರು. ಒಮ್ಮೆ ಕಾಫಿ ಕುಡಿಯುವಾಗ ಫಾತಿಮಾ ಮೇಡಂಗೆ ಮೆಲ್ಲನೆ ಹೇಳಿದ್ದು ನನಗೆ ಕೇಳಿಸಿತು: “ಒಂದೇ ಒಂದ್ಸಲ ಮೇಡಂ. ನಾನು ಎರಕ ಹೊಯ್ದ ಹೈಕಳ ಜೊತೆ ಆ ಕಡೆ ನಿಂತ್ಕೋಬೇಕು. ಎಪ್ಪತ್ತೊಂದಾಯ್ತು ನಂಗೆ.”

ಕಳೆದ ಕಾರ್ತಿಕದ ಭಾನುವಾರ ಆ ಒಂದು ಸಲ ಬರುವಂತಿತ್ತು.

ಬೆಳಿಗ್ಗೆ ಹತ್ತಕ್ಕೆ ಶುರುವಾದ ಆಟ ಮಧ್ಯಾಹ್ನ ಮೂರಾದರೂ ಮುಗಿಯಲಿಲ್ಲ. ದಾಳಗಳು ಚೆನ್ನಂಜಪ್ಪನವರಿಗೆ ಕೇಳಿದ್ದೆಲ್ಲ ಕೊಟ್ಟವು. ನನ್ನ ಹದಿಮೂರೂ ತಮ್ಮಂದಿರು ಒಬ್ಬೊಬ್ಬರಾಗಿ ಮಡಿದು, ಸತ್ತವರನ್ನು ಮಲಗಿಸುವ ಬಿಸ್ಕತ್ತಿನ ಡಬ್ಬದ ಮುಚ್ಚಳದಲ್ಲಿ ನಿದ್ದೆಹೋದರು. ಮದ್ದಿನ ಬಂಡಿ ಕೊನೆಯ ತುದಿಗೆ ನಾಲ್ಕು ಬೆರಳಷ್ಟೇ ದೂರವಿತ್ತು. ಇನ್ನೊಂದು ನಡೆಗೆ ಅದು ದಾಟುತ್ತಿತ್ತು. ಅರಸರ ಸರದಿ ಉಳಿದಿತ್ತು. ಅವರ ಬಳಿ ಹೊಡೆಯುವವರು ಯಾರೂ ಉಳಿದಿಲ್ಲವೆಂದು ಎಲ್ಲರೂ ತಿಳಿದಿದ್ದರು.

ನಾನಿದ್ದೆ. ಬಂಡಿಗೆ ಒಂದು ಗೇಣು ಈಚೆ, ನಾರಿನ ಮರದ ಮರೆಯಲ್ಲಿ. ಅರಸರು ಬೆಳಿಗ್ಗೆ ಅಲ್ಲಿಟ್ಟು ಮರೆತೇಬಿಟ್ಟಿದ್ದರು. ಫಾತಿಮಾ ಮೇಡಂ ನನ್ನನ್ನು ಕಂಡು ಕಿಟಕಿಯಾಚೆ ನೋಡತೊಡಗಿದರು; ತೀರ್ಪುಗಾರರು ಬಾಯಿ ಬಿಡುವಂತಿಲ್ಲ. ಚೆನ್ನಂಜಪ್ಪನವರೂ ಕಂಡರು. ನಮ್ಮ ಕಣ್ಣು ಕೂಡಿದವು. ಹೊರಗೆ ಯಾರೋ ಸ್ಕೂಟರಿಗೆ ಒದೆಯುತ್ತಿದ್ದರು, ಅದು ಹೊತ್ತಿಕೊಳ್ಳಲಿಲ್ಲ.

“ಸರಿ ಹಾಗಾದ್ರೆ, ನನ್ನ ಸರದಿ...” ಎಂದು ಅರಸರು ಕೈ ಕೊಡವಿದರು. ‘ಮುಗೀತು’ ಎಂಬ ಮಾತು ಬಾಯಿಗೆ ಬಂದಿತ್ತು.

“ತಡೀರಿ ಸ್ವಾಮಿ,” ಎಂದರು ಚೆನ್ನಂಜಪ್ಪ. “ನಿಮ್ಮ ಬಾಣದವನೊಬ್ಬ ಉಳ್ದವ್ನೆ. ಆ ಮರದ ಹಿಂದ್ಗಡೆ.”

ಎಲ್ಲರೂ ಮೇಜಿನ ಮೇಲೆ ಬಗ್ಗಿದರು.

“ರೀ, ಗೆಲ್ತಾ ಇದೀರಲ್ರೀ! ತಲೆ ನೆಟ್ಟಗಿದೆ ತಾನೆ?” ಅರಸರಿಗೆ ನಿಜವಾಗಿ ಗಾಬರಿಯಾಗಿತ್ತು.

“ಗೆಲ್ತಿದ್ದೆ. ಅವನು ಬೆಳಿಗ್ಗಿಂದ ಬತ್ತಿ ಹಿಡ್ಕೊಂಡು ನಿಂತವ್ನೆ ಸ್ವಾಮಿ. ಒಂದು ಮಾತೂ ಕೇಳ್ದಂಗೆ ಪೆಟ್ಟಿಗೆಗೆ ಹಾಕೋದು ಹೆಂಗೆ?”

ನೆನಪಿಸಬಾರದೆಂಬ ಕಟ್ಟಳೆಯನ್ನು ಎದುರಾಳಿಯೇ ಮುರಿದರೆ ಏನು ಮಾಡಬೇಕೆಂದು ಕ್ಲಬ್ಬಿನ ಪುಸ್ತಕದಲ್ಲಿ ಬರೆದಿರಲಿಲ್ಲ. ಮೇಡಂ ಎರಡು ಸಲ ಪುಟ ತಿರುವಿ, “ದಾಳ ಹಾಕಿ,” ಎಂದರು. “ಐದಾಗಲಿ ಆರಾಗಲಿ ಬಿದ್ದರೆ ತಗುಲಿತು.”

ಅರಸರು ಒಲ್ಲದ ಕೈಯಲ್ಲಿ ಹಾಕಿದರು. ದಾಳ ಹಸಿರು ಬಯಲಿನ ಮೇಲೆ ಉರುಳಿ ಉರುಳಿ ನನ್ನ ಕಾಲ ಬಳಿ ಬಂದು ನಿಂತಿತು. ಐದು.

ಸಿಡಿದ ಮದ್ದಿನ ಬಂಡಿಯ ಮೇಲೆ ಮೇಡಂ ಹತ್ತಿಯ ಹೊಗೆ ಇಟ್ಟರು. ಆ ಬಿಳಿ ಮೋಡದ ನಡುವೆ ನಾನು ತೇಲಿದಂತಾಯಿತು. ಸೀಸದವನಿಗೆ ತೇಲುವುದೆಂದರೇನೆಂದು ನೀವು ಕೇಳಬಹುದು. ನನಗೂ ಆ ದಿನವೇ ಗೊತ್ತಾದದ್ದು.

ಎಲ್ಲರೂ ಕೂಗಾಡುತ್ತಿದ್ದರು. ಅರಸರು ಮೈಸೂರಿನ ಪೆಟ್ಟಿಗೆಯನ್ನು ಚೆನ್ನಂಜಪ್ಪನವರ ಮುಂದೆ ತಳ್ಳಿದರು. “ಕಟ್ಟಳೆ ಹಾಳಾಗ್ಲಿ. ಮುಂದಿನ್ಸಲ ನಾನು ಇಂಗ್ಲಿಷ್ನೋನು. ಈ ಕಡೆಗೆ ಬನ್ನಿ, ನಿಂತು ನೋಡಿ.”

ಚೆನ್ನಂಜಪ್ಪ ಮೇಜು ಸುತ್ತಿ ಬಂದರು. ಒಂಬತ್ತು ವರ್ಷದಲ್ಲಿ ಮೊದಲ ಬಾರಿ ನಮ್ಮ ಹಿಂದೆ ನಿಂತರು. ಮುಚ್ಚಳದಲ್ಲಿ ಮಡಿದವರನ್ನೆಲ್ಲ ಎತ್ತಿ ನನ್ನ ಪಕ್ಕದಲ್ಲಿ ಸಾಲಾಗಿ ನಿಲ್ಲಿಸಿದರು. ಬಹಳ ಹೊತ್ತು ನೋಡಿದರು. ಪೆಟ್ಟಿಗೆಗೆ ಕೈ ಹಾಕಲಿಲ್ಲ.

“ಏನಾಯ್ತು?” ಎಂದರು ಅರಸರು.

“ಈ ಕಡೆಯಿಂದ ಬರೀ ಬೆನ್ನು ಕಾಣ್ತದೆ ಸ್ವಾಮಿ,” ಎಂದು ಚೆನ್ನಂಜಪ್ಪ ನಿಧಾನವಾಗಿ ಮತ್ತೆ ಆಚೆ ಬದಿಗೆ ನಡೆದರು. “ಮುಖ ಕಾಣೋದು ಅಲ್ಲಿಂದ್ಲೇ.”

ಸೋತವರು ಮಾನ ಉಳಿಸಿಕೊಳ್ಳಲು ಆಡಿದ ಮಾತೋ, ನಿಜವೋ, ಸೀಸದ ಬುದ್ಧಿಗೆ ಎಟುಕುವುದಿಲ್ಲ. ಈಗ ನನಗೂ ವಯಸ್ಸಾಗಿದೆ. ಪೇಟದ ಬಣ್ಣ ಚಕ್ಕೆಯೆದ್ದಿದೆ, ಕಡ್ಡಿ ಎರಡು ಸಲ ಮುರಿದು ಅಂಟು ಕಂಡಿದೆ. ಅರಸರು ನನ್ನನ್ನು ಹಿಂದಿನ ಸಾಲಿನಲ್ಲಿಡುತ್ತಾರೆ, ಮುದುಕರನ್ನು ಇಡುವ ಹಾಗೆ. ಆದರೆ ಆಟ ಶುರುವಾಗುವ ಮೊದಲು ಇಂಗ್ಲಿಷ್ ಕರ್ನಲ್ ಸಾಹೇಬರು ಮೊಣಕಾಲೂರಿ, ಗಲ್ಲವನ್ನು ಮೇಜಿನ ಅಂಚಿಗೆ ತಂದು, ಶತ್ರುಸೈನ್ಯವನ್ನು ಒಬ್ಬೊಬ್ಬರನ್ನಾಗಿ ನೋಡುತ್ತಾರೆ. ಹದಿಮೂರು ಮಂದಿಯನ್ನು ದಾಟಿ ನನ್ನವರೆಗೆ ಬರಲು ಸ್ವಲ್ಪ ಹೊತ್ತಾಗುತ್ತದೆ. ನಾನು ಕಾಯುತ್ತೇನೆ.